ಟೈಟಾನಿಯಂ ಹೊಳೆದರೆ ಸಾಲದು

ಕಾರ್ಬನ್ ಸ್ಟೀಲ್ ಪಾಲಿಶ್ ಮಾಡಿ ಕೈ ಪಳಗಿದವರಿಗೆ ಟೈಟಾನಿಯಂ ಬೇರೆಯದೇ ಜಾತಿ. ದೇಹದೊಳಗೆ ಕೂರಿಸುವ ಇಂಪ್ಲಾಂಟ್ ಲೋಹಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು ಸ್ಯಾಂಪಲ್ ತಯಾರಿಸುವ ತರಬೇತಿಯಲ್ಲಿ ನಮಗೆ ಮೊದಲು ಕೊಟ್ಟದ್ದು ಶುದ್ಧ ಟೈಟಾನಿಯಂನ ಒಂದು ತುಂಡು. ಬೇಕೆಂದೇ ಸ್ಟೀಲಿನ ದಾರಿಯಲ್ಲಿ ಕರೆದುಕೊಂಡು ಹೋದರು: ಎಮರಿ ಪೇಪರ್‌ಗಳು, ಆಮೇಲೆ 9, 3, 1 ಮೈಕ್ರಾನ್ ಡೈಮಂಡ್ ಪುಡಿ. ಮುಖ ಕಾಣುವಷ್ಟು ಹೊಳೆಯಿತು.

"ಗೀರೆಲ್ಲ ಹೋಯ್ತು ಮೇಡಂ," ಎಂದ ಪಕ್ಕದ ಮೇಜಿನವನು.

"ಗೀರು ಹೋಗಿದೆ, ಸರಿ. ಪೋಲರೈಸ್ಡ್ ಲೈಟ್ ಹಾಕಿ ನೋಡಿ."

ಲೋಹ ಸಣ್ಣ ಹರಳುಗಳಿಂದ (ಗ್ರೇನ್, ಇಲ್ಲಿ 'ಕಣ' ಎಂದರೆ ಇದೇ) ಆಗಿರುತ್ತದೆ; ಟೈಟಾನಿಯಂನ ಆಲ್ಫಾ ಹಂತದ ಕಣಗಳ ಹರಳು ರಚನೆ ಷಡ್ಭುಜೀಯ. ಹಾಗಾಗಿ ಎಚ್ ಮಾಡದೆಯೂ (ಆಮ್ಲದಿಂದ ಮೇಲ್ಮೈಯನ್ನು ತುಸು ಕೊರೆಸದೆಯೂ) ಪೋಲರೈಸ್ಡ್ ಬೆಳಕಿನಲ್ಲಿ, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕಿನಲ್ಲಿ, ಒಂದೊಂದು ಕಣ ಒಂದೊಂದು ಛಾಯೆಯಲ್ಲಿ ಎದ್ದು ಕಾಣಬೇಕು. ನಮಗೆ ಕಂಡದ್ದು ಮಂಕು ಬೂದು. ಅಲ್ಲಲ್ಲಿ ಕಣಗಳೊಳಗೆ ಎರಡೂ ತುದಿ ಚೂಪಾದ ಸಣ್ಣ ಪಟ್ಟಿಗಳು. ಅವು ಟ್ವಿನ್‌ಗಳು, ಅಂದರೆ ಒತ್ತಡಕ್ಕೆ ಹರಳಿನ ಜೋಡಣೆ ಕನ್ನಡಿ ಬಿಂಬದಂತೆ ಮಗುಚಿದ ಜಾಗಗಳು; ಕತ್ತರಿಸುವಾಗ ಮತ್ತು ಉಜ್ಜುವಾಗ ಹುಟ್ಟಿದವು. ಟೈಟಾನಿಯಂ ಮೆತುವಾಗಿ ಹರಿಯುವ ಲೋಹ. ಸಣ್ಣ ಡೈಮಂಡ್ ಅದನ್ನು ಕೊರೆಯುವುದಕ್ಕಿಂತ ಹೆಚ್ಚಾಗಿ ಬೆಣ್ಣೆ ಸವರಿದ ಹಾಗೆ ಸವರಿಬಿಡುತ್ತದೆ. ಮೇಲೆ ಹೊಳಪು, ಕೆಳಗೆ ಪೆಟ್ಟು ತಿಂದ ಪದರ.

ಈಗ ನಾನು ಮಾಡುವ ಕ್ರಮ ಇಷ್ಟೇ: 320 ಗ್ರಿಟ್ ಪೇಪರ್, ಗಟ್ಟಿ ಬಟ್ಟೆಯ ಮೇಲೆ 9 ಮೈಕ್ರಾನ್ ಡೈಮಂಡ್, ಅಲ್ಲಿಂದ ನೇರವಾಗಿ ಕೊಲಾಯ್ಡಲ್ ಸಿಲಿಕಾ (ಅತಿಸೂಕ್ಷ್ಮ ಸಿಲಿಕಾ ಕಣಗಳು ತೇಲುವ ದ್ರವ). ನಡುವಿನ 3, 1 ಬಿಟ್ಟೆ. 320ರ ಪೇಪರ್ ಒಂದೆರಡು ನಿಮಿಷಕ್ಕೇ ಮೊಂಡಾಗುತ್ತದೆ. ಪೇಪರ್ ಉಳಿಸಲು ಹೋದರೆ ಅದು ಕೊರೆಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಪದರ ಇನ್ನೂ ಆಳವಾಗುತ್ತದೆ. ಸಿಲಿಕಾದ 5 ಪಾಲಿಗೆ 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 1 ಪಾಲು ಸೇರಿಸುತ್ತೇನೆ. ಪೆರಾಕ್ಸೈಡ್ ಮೇಲ್ಮೈಯನ್ನು ಆಕ್ಸೈಡ್ ಮಾಡುತ್ತಾ ಹೋಗುತ್ತದೆ, ಸಿಲಿಕಾ ಅದನ್ನು ತೆಗೆಯುತ್ತಾ ಹೋಗುತ್ತದೆ. ಈ ಮಿಶ್ರಣವನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಎತ್ತಿಡಬಾರದು, ಗ್ಯಾಸ್ ಕಟ್ಟಿಕೊಳ್ಳುತ್ತದೆ. ಹತ್ತು ನಿಮಿಷ ಓಡಿಸಿ ಪೋಲರೈಸ್ಡ್ ಬೆಳಕಿನಲ್ಲಿ ನೋಡುತ್ತೇನೆ, ಮಂಕಿದ್ದರೆ ಮತ್ತೆ ಓಡಿಸುತ್ತೇನೆ. ಗಡಿಯಾರಕ್ಕಿಂತ ಆ ಬೆಳಕನ್ನೇ ನಂಬುವುದು ಮೇಲು. ಕೊನೆಯ ಹತ್ತು ಹದಿನೈದು ಸೆಕೆಂಡು ಬಟ್ಟೆಯ ಮೇಲೆ ಬರೀ ನೀರು ಬಿಡಬೇಕು. ಸಿಲಿಕಾ ಒಮ್ಮೆ ಒಣಗಿ ಹರಳುಗಟ್ಟಿದರೆ ಸ್ಯಾಂಪಲ್ಲೂ ಹಾಳು, ಬಟ್ಟೆಯೂ ಹಾಳು.

ಆದರೂ ಅರ್ಧ ಕೆಲಸ ಕಟಿಂಗ್‌ನಲ್ಲೇ ಮುಗಿದಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಟೈಟಾನಿಯಂಗೆ ಸಿಲಿಕಾನ್ ಕಾರ್ಬೈಡ್ ವೀಲ್, ಧಾರಾಳ ಕೂಲಂಟ್, ನಿಧಾನದ ಫೀಡ್. ಕತ್ತರಿಸಿದ ಅಂಚು ನೀಲಿ ಅಥವಾ ಹೊಂಬಣ್ಣಕ್ಕೆ ತಿರುಗಿದ್ದರೆ ಅದನ್ನು ಪಾಲಿಶ್‌ನಲ್ಲಿ ಸರಿಪಡಿಸುತ್ತೇನೆಂಬ ಆಸೆ ಬೇಡ, ಇನ್ನೊಂದು ತುಂಡು ಕತ್ತರಿಸಿ. ಮೆಷಿನ್ ತಳದ ಕೆಸರನ್ನು ಒಣಗಲು ಬಿಡಬೇಡಿ. ಟೈಟಾನಿಯಂ ಪುಡಿಗೆ ಬೆಂಕಿ ಹತ್ತುತ್ತದೆ.

ಎಚಿಂಗ್‌ಗೆ ಕ್ರೋಲ್ ದ್ರಾವಣ: 100 ಮಿಲಿ ನೀರಿಗೆ ನೈಟ್ರಿಕ್ ಆಮ್ಲ 2ರಿಂದ 6 ಮಿಲಿ, ಹೈಡ್ರೋಫ್ಲೋರಿಕ್ ಆಮ್ಲ 1ರಿಂದ 3 ಮಿಲಿ. ಅದ್ದುವುದು ಕೆಲವೇ ಸೆಕೆಂಡು. ಪ್ರಮಾಣ ಸಣ್ಣದೆಂದು ಸದರ ಬೇಡ. ತೆಳು ಹೈಡ್ರೋಫ್ಲೋರಿಕ್ ಚರ್ಮಕ್ಕೆ ತಾಗಿದರೆ ಆ ಗಳಿಗೆಯಲ್ಲಿ ಉರಿಯದೆಯೂ ಇರಬಹುದು. ಒಳಗಿಳಿದು ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಗಂಟೆಗಟ್ಟಲೆ ಬಿಟ್ಟು ನೋವು ಶುರುಮಾಡುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದಿದ್ದರೆ ನಾನು ಬಾಟಲಿಯನ್ನೇ ತೆಗೆಯುವುದಿಲ್ಲ. ತಾಗಿದರೆ ನೀರಲ್ಲಿ ತೊಳೆದು, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಡಾಕ್ಟರ ಬಳಿಗೆ ಹೋಗಬೇಕು. ಗಾಜಿನ ಬೀಕರ್ ಬೇಡ, ಪ್ಲಾಸ್ಟಿಕ್ಕಿನದೇ ಆಗಬೇಕು. ಇನ್ನೊಂದು ಸೂಕ್ಷ್ಮ: ಮೌಂಟ್ (ಸ್ಯಾಂಪಲನ್ನು ಹಿಡಿದಿಡುವ ರಾಳದ ಅಚ್ಚು) ಮತ್ತು ಲೋಹದ ನಡುವಿನ ಸಂದಿಯಲ್ಲಿ ಒಂದು ಹನಿ ಉಳಿದಿದ್ದರೂ ಅದರ ಆವಿ ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ ಲೆನ್ಸನ್ನು ತಿನ್ನುತ್ತದೆ. ಆಲ್ಕೊಹಾಲ್ ಹಾಕಿ, ಬಿಸಿಗಾಳಿ ಕೊಟ್ಟು, ಅಂಚನ್ನು ಟಿಶ್ಯೂಗೆ ಒತ್ತಿ ನೋಡಿ ಆಮೇಲಷ್ಟೇ ಸ್ಟೇಜ್ ಮೇಲಿಡುತ್ತೇನೆ.

ಇಂಪ್ಲಾಂಟಿಗೆ ಬಳಸುವ ಸ್ಟೇನ್ಲೆಸ್ ಸ್ಟೀಲ್ 316ಎಲ್ ಇಷ್ಟು ಗೋಳು ಹೊಯ್ದುಕೊಳ್ಳುವುದಿಲ್ಲ. ಕಣದ ಗಾತ್ರ ಎಣಿಸಬೇಕಿದ್ದರೆ 60 ಶೇಕಡಾ ನೈಟ್ರಿಕ್‌ನಲ್ಲಿ ಕಡಿಮೆ ವೋಲ್ಟೇಜಿನ ಎಲೆಕ್ಟ್ರೋಲಿಟಿಕ್ ಎಚ್ (ವಿದ್ಯುತ್ ಹರಿಸಿ ಮಾಡುವ ಎಚ್) ಸಲೀಸು: ಕಣದ ಗಡಿಗಳು ಮೂಡುತ್ತವೆ, ಎಣಿಕೆ ಕೆಡಿಸುವ ಟ್ವಿನ್ ಗೆರೆಗಳು ಹೆಚ್ಚಾಗಿ ಮೂಡುವುದಿಲ್ಲ. ಎರಕದ ಕೋಬಾಲ್ಟ್-ಕ್ರೋಮ್‌ನಲ್ಲಿ ಗಟ್ಟಿ ಕಾರ್ಬೈಡ್‌ಗಳಿರುವುದರಿಂದ ಮೆತ್ತನೆ ಬಟ್ಟೆಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಅವು ಉಬ್ಬಿ ನಿಲ್ಲುತ್ತವೆ.

ತಾಳ್ಮೆ ಬೇಡಿದ್ದು ನಿಟಿನಾಲ್ (ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ಸ್ಟೆಂಟ್, ರಕ್ತನಾಳ ತೆರೆದಿಡುವ ಜಾಲರಿ ಕೊಳವೆ. ಮೌಂಟ್ ಕಟ್ಟುವ ಬಿಸಿ ಪ್ರೆಸ್ಸಿನ ಶಾಖ, ಒತ್ತಡ ಎರಡೂ ಅದಕ್ಕೆ ಆಗದು. ತೆಳು ಕಂಬಿಗಳು ಬಾಗುತ್ತವೆ, ಲೋಹದ ಹಂತವೇ ಬದಲಾಗಬಹುದು. ಕಡಿಮೆ ಕುಗ್ಗುವ ಎಪಾಕ್ಸಿ ಸುರಿದು ವ್ಯಾಕ್ಯೂಮ್‌ನಲ್ಲಿಟ್ಟರೆ ಗುಳ್ಳೆಗಳು ಹೊರಬಂದು ಪ್ರತಿ ಕಂಬಿಯ ಸುತ್ತ ರಾಳ ಕೂರುತ್ತದೆ. ಸಂದಿ ಬಿಟ್ಟರೆ ಅಂಚು ದುಂಡಾಗಿ, ಅಲ್ಲಿ ಫೋಕಸ್ಸೇ ಸಿಗುವುದಿಲ್ಲ. ಸ್ಟೆಂಟ್ ಮಾಡುವ ಮೂಲ ಸರಳು, ಟ್ಯೂಬುಗಳಿಗೆ, ನಿಟಿನಾಲಿಗೆಂದೇ ಇರುವ ಮಾನದಂಡ ಎಎಸ್‌ಟಿಎಂ ಎಫ್2063 ಪ್ರಕಾರ ರಂಧ್ರ ಮತ್ತು ಲೋಹದೊಳಗೆ ಸಿಕ್ಕಿಕೊಂಡ ಅನ್ಯ ಚೂರುಗಳಾದ ಇನ್‌ಕ್ಲೂಷನ್‌ಗಳ ಗರಿಷ್ಠ ಉದ್ದ 39 ಮೈಕ್ರಾನ್, ಕಾಣುವ ಕ್ಷೇತ್ರದಲ್ಲಿ ಅವುಗಳ ವಿಸ್ತೀರ್ಣ 2.8 ಶೇಕಡಾ ಮೀರುವಂತಿಲ್ಲ. ಗ್ರೈಂಡಿಂಗ್‌ನಲ್ಲಿ ಕಿತ್ತುಬಂದ ಇನ್‌ಕ್ಲೂಷನ್ ತನಗಿಂತ ದೊಡ್ಡ ಗುಂಡಿ ಬಿಟ್ಟುಹೋದರೆ ಒಳ್ಳೆಯ ಮಾಲೂ ಫೇಲ್ ಆಗುತ್ತದೆ. ಗುಂಡಿಯಿಂದ ಉಜ್ಜಿದ ದಿಕ್ಕಿಗೇ ಬಾಲದಂಥ ಗೀರು ಹೊರಟಿದ್ದರೆ ನನಗೆ ಅನುಮಾನ. ಆ ಸ್ಯಾಂಪಲನ್ನು 9 ಮೈಕ್ರಾನ್‌ಗೆ ವಾಪಸ್ ಒಯ್ದು, ಒತ್ತಡ ಇಳಿಸಿ ಮತ್ತೆ ಪಾಲಿಶ್ ಮಾಡಿ, ಎಚ್ ಮಾಡುವ ಮೊದಲೇ ಫೋಟೋ ತೆಗೆದು ಅಳೆಯುತ್ತೇನೆ.