ದಿನಕ್ಕೆ ಎರಡೇ ಗಂಟೆ ನಿದ್ದೆ: 19 ದಿನಗಳ ನನ್ನ ಅನುಭವ

ಹಳೆ ಕೆಲಸ ಬಿಟ್ಟು ಹೊಸದಕ್ಕೆ ಸೇರುವ ನಡುವೆ ನನಗೆ 5 ವಾರ ಬಿಡುವಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗೆ ನಾನು ಉಬರ್‌ಮನ್ ಅನ್ನೋ ನಿದ್ದೆಯ ಪದ್ಧತಿಗೆ ಕೈ ಹಾಕಿದೆ. 4 ಗಂಟೆಗೊಮ್ಮೆ 20 ನಿಮಿಷದ ಕೋಳಿನಿದ್ದೆ, ದಿನಕ್ಕೆ ಆರು ಸಲ. ಒಟ್ಟು 2 ಗಂಟೆ. ರಾತ್ರಿ ಅಂತ ಬೇರೆ ನಿದ್ದೆಯೇ ಇಲ್ಲ.

ಇದೇ ಜಾತಿಯ ಪದ್ಧತಿಗಳು ಇನ್ನೂ ಇವೆ. ಎವ್ರಿಮನ್ ಸ್ವಲ್ಪ ಸಾಧು: ರಾತ್ರಿ ಸುಮಾರು 3 ಗಂಟೆ ಒಟ್ಟಿಗೆ ಮಲಗಿ, ಉಳಿದ ಹೊತ್ತಲ್ಲಿ 20 ನಿಮಿಷದ ಮೂರು ನಿದ್ದೆ ಮಾಡೋದು. ಡೈಮ್ಯಾಕ್ಸಿಯನ್ ಅಂದರೆ 6 ಗಂಟೆಗೊಮ್ಮೆ ಅರ್ಧ ಗಂಟೆ. ಇದನ್ನು ತಾನು ಎರಡು ವರ್ಷ ನಡೆಸಿದೆ ಅಂತ ಅಮೆರಿಕದ ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಹೇಳಿಕೊಂಡಿದ್ದು 1943ರಲ್ಲಿ ಟೈಮ್ ಪತ್ರಿಕೆಯಲ್ಲಿ ಬಂದಿತ್ತು. ಜೊತೆಗೆ ಕೆಲಸ ಮಾಡುವವರೆಲ್ಲ ಮಾಮೂಲಿ ಜನರ ಹಾಗೆ ಮಲಗುತ್ತಿದ್ದರು, ಹೊಂದಾಣಿಕೆ ಆಗಲಿಲ್ಲ, ಅದಕ್ಕೇ ಬಿಟ್ಟರಂತೆ. ನನ್ನನ್ನು ಮರುಳು ಮಾಡಿದ್ದು ಈ ಕತೆಯೇ.

ಇದರ ಹಿಂದಿನ ವಾದ ಹೀಗಿದೆ. ಮಾಮೂಲಿ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಮೊದಲು ಹಗುರ ನಿದ್ದೆ, ಆಮೇಲೆ ಗಾಢ ನಿದ್ದೆ, ಕೊನೆಗೆ ಕನಸು ಜಾಸ್ತಿ ಬೀಳುವ ರೆಮ್ ನಿದ್ದೆ. ಹಗುರ ನಿದ್ದೆ ದಂಡ, ಅದನ್ನು ಕಿತ್ತುಹಾಕಿದರೆ ಮೆದುಳು ಕಂಗಾಲಾಗಿ, ಕಣ್ಣು ಮುಚ್ಚಿದ ಕೂಡಲೇ ಬೇಕಾದ ಹಂತಕ್ಕೇ ಹಾರುತ್ತದೆ ಅನ್ನೋದು ಈ ಪದ್ಧತಿಯವರ ನಂಬಿಕೆ. ಲೆಕ್ಕ ಹಾಕಿ ನೋಡಬೇಕಿತ್ತು, ನೋಡಲಿಲ್ಲ. 8 ಗಂಟೆಯ ನಿದ್ದೆಯಲ್ಲಿ ರೆಮ್ ಒಂದೇ ಹೆಚ್ಚುಕಡಿಮೆ ಕಾಲು ಭಾಗ, ಅಂದರೆ 2 ಗಂಟೆಯ ಹತ್ತಿರ. ಗಾಢ ನಿದ್ದೆ ಇನ್ನೊಂದು ಗಂಟೆಗೂ ಮೇಲೆ. ಇವೆರಡನ್ನೇ 2 ಗಂಟೆಯೊಳಗೆ ತುರುಕಲು ಜಾಗವಿಲ್ಲ. ಹಗುರ ನಿದ್ದೆಯೂ ದಂಡವೇನಲ್ಲ, ಕಲಿತದ್ದು ತಲೆಯಲ್ಲಿ ನೆಲೆ ನಿಲ್ಲೋದರಲ್ಲಿ ಅದಕ್ಕೂ ಪಾಲಿದೆ.

ನಾನು ಆರಿಸಿದ್ದು 12, 4, 8ರ ಹೊತ್ತುಗಳು, ಹಗಲೂ ರಾತ್ರಿಯೂ. ಕೋಣೆಯಲ್ಲಿ ಕತ್ತಲು, ಕಣ್ಣಿಗೆ ಪಟ್ಟಿ, ಮೂರು ಅಲಾರಂ. ಒಂದು ದಿಂಬಿನ ಪಕ್ಕ, ಒಂದು ಬಾಗಿಲ ಬಳಿ, ಒಂದು ಬಚ್ಚಲಮನೆಯಲ್ಲಿ. ಮೂರನೆಯದನ್ನು ನಿಲ್ಲಿಸೋ ಹೊತ್ತಿಗೆ ಮುಖಕ್ಕೆ ನೀರು ಬಿದ್ದಿರಬೇಕು ಅನ್ನೋ ಉಪಾಯ. ಗಾಡಿಯ ಕೀಲಿ ತಂಗಿಯ ಹತ್ತಿರ ಕೊಟ್ಟೆ. ಇಡೀ ಪ್ರಯೋಗದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಮೊದಲ ಎರಡು ದಿನ ಮಲಗಿದರೂ ನಿದ್ದೆ ಹತ್ತಲಿಲ್ಲ. ಮೂರನೇ ದಿನದಿಂದ ತಲೆ ಇಟ್ಟ ಕೂಡಲೇ ಕನಸು ಶುರು. ‘ಓಹೋ, ಕೆಲಸ ಮಾಡ್ತಿದೆ!’ ಅಂತ ಹಿಗ್ಗಿದೆ. ಈಗ ತಿರುಗಿ ನೋಡಿದರೆ ಅದು ಹಿಗ್ಗುವ ವಿಷಯವೇ ಅಲ್ಲ. ಮೊದಲ ರೆಮ್ ಬರೋಕೆ ಸಾಮಾನ್ಯವಾಗಿ ಸುಮಾರು ಒಂದೂವರೆ ಗಂಟೆ ಬೇಕು. ಅದು ಬಾಗಿಲಲ್ಲೇ ಕಾದು ನಿಂತಿದೆ ಅಂದರೆ ನಿದ್ದೆಯ ಸಾಲ ಅಷ್ಟು ಏರಿದೆ ಅಂತ. ಹಸಿದವನು ಅನ್ನ ಕಂಡ ಕೂಡಲೇ ಬಾಚುತ್ತಾನೆ. ಹಾಗಂತ ಅವನಿಗೆ ಒಂದು ತುತ್ತು ಸಾಕು ಅನ್ನೋಕಾಗುತ್ತಾ?

20 ನಿಮಿಷದ ಗುಟ್ಟೂ ಇಲ್ಲೇ ಕೈಕೊಡುತ್ತದೆ. ಚೆನ್ನಾಗಿ ನಿದ್ದೆ ಆದವರು ಅಷ್ಟು ಹೊತ್ತು ಮಲಗಿದರೆ ಗಾಢ ನಿದ್ದೆಗೆ ಇಳಿಯುವ ಮುಂಚೆಯೇ ಎದ್ದುಬಿಡುತ್ತಾರೆ, ಅದಕ್ಕೇ ಹಗುರ ಅನಿಸುತ್ತದೆ. ಸಾಲದಲ್ಲಿರುವವನು ಕೆಲವೇ ನಿಮಿಷಗಳಲ್ಲಿ ಆಳಕ್ಕೆ ಮುಳುಗುತ್ತಾನೆ. ಅಲ್ಲಿಂದ ಎಬ್ಬಿಸಿದರೆ ಏಳೋದು ಮೈ ಮಾತ್ರ. ಬೆಳಗಿನ ಜಾವ 4ರ ನಿದ್ದೆ ಮುಗಿದ ಮೇಲೆ ನನಗೆ ಅರ್ಧ ಗಂಟೆ ಮಂಪರು ಬಿಡುತ್ತಿರಲಿಲ್ಲ. ಒಂದು ಸಲ ಮೂರೂ ಅಲಾರಂ ನಿಲ್ಲಿಸಿ, ಒಣಗಿದ ಬಟ್ಟೆ ಮಡಚಿಟ್ಟು, ಮತ್ತೆ ಹೋಗಿ ಮಲಗಿದ್ದೆ. ಇದ್ಯಾವುದೂ ನೆನಪಿಲ್ಲ. ಮಡಚಿದ ಬಟ್ಟೆಯೇ ಸಾಕ್ಷಿ.

ಆರು ಹೊತ್ತೂ ಒಂದೇ ಅಂತ ನಾನು ತಿಳಿದಿದ್ದು ಇನ್ನೊಂದು ತಪ್ಪು. ಮೈಯೊಳಗಿನ ಗಡಿಯಾರ ನನ್ನ ವೇಳಾಪಟ್ಟಿಗೆ ಸೊಪ್ಪು ಹಾಕಲಿಲ್ಲ. ಮೈಯ ಬಿಸಿ ತೀರಾ ಇಳಿಯೋದು ಬೆಳಗಿನ ಜಾವ, ಆಗ ಎದ್ದಿರೋದೇ ನರಕ. ರಾತ್ರಿ 8ಕ್ಕೆ ಅದರ ಉಲ್ಟಾ. ಅದು ಗಡಿಯಾರ ಎಚ್ಚರವನ್ನು ಜೋರಾಗಿ ತಳ್ಳುವ ಹೊತ್ತು. ಎಷ್ಟು ದಣಿದಿದ್ದರೂ ಮೊದಲ ವಾರ ಪೂರ್ತಿ ಆಗ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದೆ ಅಷ್ಟೆ.

ಹತ್ತನೇ ದಿನದ ಹೊತ್ತಿಗೆ ‘ಒಗ್ಗಿಹೋಯ್ತು’ ಅನಿಸತೊಡಗಿತು. ದಿನಾ ನೋಟ್‌ಬುಕ್ಕಿನಲ್ಲಿ ನಿದ್ದೆಯ ಕಾಟಕ್ಕೆ ಹತ್ತಕ್ಕಿಷ್ಟು ಅಂತ ಅಂಕ ಬರೆಯುತ್ತಿದ್ದೆ. ನಾಲ್ಕನೇ ದಿನ 9 ಇದ್ದದ್ದು 5ಕ್ಕೆ ಇಳಿದಿತ್ತು. ಅದೃಷ್ಟಕ್ಕೆ ಇನ್ನೊಂದು ಅಳತೆಯೂ ಇತ್ತು. ಫೋನಿನಲ್ಲಿ ಕೆಂಪು ಚುಕ್ಕೆ ಕಂಡ ಕೂಡಲೇ ಒತ್ತುವ ಪರೀಕ್ಷೆ, ದಿನಕ್ಕೊಮ್ಮೆ 10 ನಿಮಿಷ. ಅರ್ಧ ಸೆಕೆಂಡಿಗಿಂತ ತಡವಾದರೆ ಅದೊಂದು ತಪ್ಪು. ಶುರು ಮಾಡುವ ಹಿಂದಿನ ದಿನ 2 ತಪ್ಪು. ನಾಲ್ಕನೇ ದಿನ 11. ಹದಿನಾಲ್ಕನೇ ದಿನ, ಚೆನ್ನಾಗಿದ್ದೀನಿ ಅಂತ ನನಗೆ ನಾನೇ 5 ಬರೆದುಕೊಂಡ ದಿನ, 26. ಒಂದು ಕಡೆಯಂತೂ ಚುಕ್ಕೆ 4 ಸೆಕೆಂಡ್ ಕಾದಿತ್ತು. ಕಣ್ಣು ತೆರೆದೇ ಇತ್ತು ಅಂತ ನಾನು ಆಣೆ ಮಾಡಿ ಹೇಳುತ್ತಿದ್ದೆ. ಅರೆಕ್ಷಣದ ನಿದ್ದೆ ಅಂದರೆ ಇದೇ, ಬಂದು ಹೋದದ್ದು ನಮಗೇ ಗೊತ್ತಾಗೋದಿಲ್ಲ.

2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದ ಬಗ್ಗೆ ಓದಿದ್ದು ಆಮೇಲೆ. 14 ದಿನ ರಾತ್ರಿಗೆ 6 ಅಥವಾ 4 ಗಂಟೆ ಮಾತ್ರ ಮಲಗಲು ಬಿಟ್ಟವರ ಚುರುಕುತನ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಕೊನೆಗೆ 6 ಗಂಟೆಯವರೂ ರಾತ್ರಿಯಿಡೀ ಎದ್ದಿದ್ದವರ ಮಟ್ಟಕ್ಕೆ ಬಂದಿದ್ದರು. ಆದರೆ ತಮಗೆ ಎಷ್ಟು ನಿದ್ದೆ ಬರುತ್ತಿದೆ ಅಂತ ಅವರೇ ಹೇಳಿದ ಅಂಕ ಕೆಲವು ದಿನಗಳಾದ ಮೇಲೆ ಹೆಚ್ಚೇನೂ ಏರಲಿಲ್ಲ. ನನ್ನ ನೋಟ್‌ಬುಕ್ಕಿನ ಕತೆಯೂ ಅದೇ ಅಲ್ವಾ! ಈ ಪದ್ಧತಿಗೆ ಒಗ್ಗಿದ್ದೇವೆ ಅನ್ನುವವರು ಸುಳ್ಳು ಹೇಳ್ತಾರೆ ಅಂತ ನನಗನಿಸೋದಿಲ್ಲ. ಅಳೆಯುವ ತಕ್ಕಡಿಯೇ ಕೆಟ್ಟಿರುತ್ತದೆ, ಅಷ್ಟೆ.

ಚಿಕ್ಕ ನಿದ್ದೆಗಳಿಗೆ ಬೆಲೆಯೇ ಇಲ್ಲ ಅಂತಲ್ಲ. ಒಂಟಿಯಾಗಿ ಸಮುದ್ರ ದಾಟುವ ಹಾಯಿದೋಣಿಯವರನ್ನು ಕ್ಲಾಡಿಯೊ ಸ್ಟಾಂಪಿ ಅನ್ನೋ ಸಂಶೋಧಕರು ವರ್ಷಗಟ್ಟಲೆ ಗಮನಿಸಿದ್ದಾರೆ. ಹೇಗೂ ಕಡಿಮೆ ಮಲಗಲೇಬೇಕು ಅನ್ನೋ ಪರಿಸ್ಥಿತಿ ಇದ್ದರೆ, ಆ ಕಡಿಮೆಯನ್ನು ತುಂಡು ಮಾಡಿ ಮಲಗೋದು ಮೇಲು ಅನ್ನೋದು ಅವರ ಮಾತು. ನನ್ನ ಮನೆಯ ಸುತ್ತ ಬಿರುಗಾಳಿಯೂ ಇರಲಿಲ್ಲ, ಹಡಗೂ ಇರಲಿಲ್ಲ.

ಹತ್ತೊಂಬತ್ತನೇ ದಿನ ತಂಗಿಯ ಹತ್ತಿರ ಏನೋ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, ‘ಅಣ್ಣಾ, ಇದು ಮೂರನೇ ಸಲ ಕೇಳ್ತಿರೋದು. ಎರಡು ಸಲಾನೂ ಹೇಳಿದೆ, ಸರಿ ಅಂದೆ ನೀನು’ ಅಂದಳು. ಸಂಜೆ ಅಲಾರಂಗಳನ್ನು ಅವಳೇ ಎತ್ತಿಟ್ಟಳು.

ಅವತ್ತು 13 ಗಂಟೆ ಮಲಗಿದೆ. ಮುಂದಿನ ಮೂರು ರಾತ್ರಿ ಕನಸುಗಳ ಜಾತ್ರೆ. ಪರೀಕ್ಷೆಯ ತಪ್ಪು ಮತ್ತೆ 2ಕ್ಕೆ ಬರಲು 9 ದಿನ ಹಿಡಿಯಿತು. ಈಗ ಉಳಿದಿರೋದು ಮಧ್ಯಾಹ್ನ 2ರ ಒಂದು ಕೋಳಿನಿದ್ದೆ, ಅದೂ ರಾತ್ರಿಯ ಏಳೂವರೆ ಗಂಟೆಯ ಮೇಲೆ. ಬೆಳಗಿನ ಜಾವ 4ಕ್ಕೆ ಒಂದು ತಿಂಗಳವರೆಗೂ ತಾನಾಗಿ ಎಚ್ಚರವಾಗುತ್ತಿತ್ತು. ಬಚ್ಚಲಮನೆಯಿಂದ ಏನೂ ಸದ್ದಿಲ್ಲ ಅಂತ ಖಾತ್ರಿಯಾದ ಮೇಲೆ ಮಗ್ಗುಲು ಬದಲಿಸುತ್ತಿದ್ದೆ.