ಹಿಂದಿನ ಬ್ರೇಕ್ ಡಿಸ್ಕ್ ಕಚ್ಚಿಕೊಂಡಿದೆಯಾ? ಎರಡು ಬೋಲ್ಟ್ ಸಾಕು
ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆ ಒತ್ತಿ ಹಿಡಿಯುವ ಭಾಗ), ಅದು ಕೂರುವ ಬ್ರಾಕೆಟ್ ಬಿಚ್ಚಿದ ಮೇಲೂ ಡಿಸ್ಕ್ ಬರದಿದ್ದರೆ ಸುಮ್ನೆ ಸುತ್ತಿಗೆಯಲ್ಲಿ ಬಡಿಯಬೇಡಿ. ಅದರ ಮುಖದಲ್ಲಿ ಥ್ರೆಡ್ ಇರುವ ಎರಡು ಸಣ್ಣ ತೂತು ಹುಡುಕಿ. ಎಷ್ಟೋ ಕಾರುಗಳಲ್ಲಿ 8 ಎಂಎಂ ಬೋಲ್ಟ್ ಕೂರುತ್ತದೆ. ಎರಡನ್ನೂ ಹಾಕಿ, ಒಂದಾದ ಮೇಲೊಂದು ಅರ್ಧರ್ಧ ಸುತ್ತು ಬಿಗಿ ಮಾಡಿ. ಬೋಲ್ಟಿನ ತುದಿ ಡಿಸ್ಕಿನ ಹಿಂದಿರುವ ಹಬ್‌ಗೆ (ಚಕ್ರ ಕೂರುವ ಭಾಗ) ಒತ್ತಿ ಡಿಸ್ಕನ್ನು ನೇರವಾಗಿ ಹೊರಗೆ ತಳ್ಳುತ್ತದೆ, ತುಕ್ಕಿನ ಹಿಡಿತ ಬಿಡುತ್ತದೆ. ಆದರೆ ಡಿಸ್ಕಿನ ಒಳಗೇ ಹ್ಯಾಂಡ್‌ಬ್ರೇಕ್ ಶೂ (ಒಳಗಿಂದ ಒತ್ತಿ ಹಿಡಿಯುವ ಬಾಗಿದ ಪಟ್ಟಿ) ಇರುವ ಗಾಡಿಯಲ್ಲಿ ಇಷ್ಟೇ ಸಾಲದು. ಸವೆದ ಅಂಚಿಗೆ ಶೂ ಸಿಕ್ಕಿಕೊಂಡಿರಬಹುದು, ಮೊದಲು ಶೂ ಬಿಗಿ ಹೊಂದಿಸುವ ಅಡ್ಜಸ್ಟರ್ ಸಡಿಲ ಮಾಡಿ. ಬೋಲ್ಟ್ ತುಂಬಾ ಗಟ್ಟಿಯಾದರೆ ನಿಲ್ಲಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ. ಹ್ಯಾಂಡ್‌ಬ್ರೇಕ್ ಇಳಿಸಿರುತ್ತೀರಿ ಅಲ್ವಾ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಲೇಬೇಕು.