ತಾರಸಿಯ ಮೇಲೆ ಹಾಯಿಹಡಗು

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಒಮ್ಮೆಲೇ 200 ಮೀಟರ್ ಹಗ್ಗ ಕೇಳಿದೆ. "ಎಷ್ಟು ಎಮ್ಮೆ ಕಟ್ಟಿದ್ದೀರಿ ಸರ್?" ಎಂದರು ಅಂಗಡಿಯವರು. ಹಡಗಿಗೆ ಎಂದೆ. ಅವರು ಮತ್ತೆ ಮಾತಾಡಲಿಲ್ಲ, ದರವನ್ನೂ ಇಳಿಸಲಿಲ್ಲ.

ಹಾಯಿಹಡಗಿನ ತರಬೇತಿಗೆ ಹೊರಟ ಹುಡುಗರನ್ನು ನಾನು ನಮ್ಮ ತಾರಸಿಯ ಮೇಲೆ ಪಳಗಿಸುತ್ತೇನೆ. ತೊಗರಿ ನಾಡಿನಲ್ಲಿ ಯಾವ ಹಡಗು ಎಂದು ನಕ್ಕವರಲ್ಲಿ ಹಳೆಯ ಸಹಪಾಠಿಗಳೂ ಇದ್ದಾರೆ. ನಾನು ನೌಕಾಪಡೆಯ ತರಬೇತಿ ಹಾಯಿಹಡಗು ತರಂಗಿಣಿ ಹತ್ತಿದಾಗ ಕಂಡದ್ದು 3 ಕಂಬ, 20 ಹಾಯಿ, ಎಲ್ಲೆಲ್ಲೂ ಹಗ್ಗ. ಮೊದಲ ವಾರವೇ, ನಡುರಾತ್ರಿಯ ಪಾಳಿಯಲ್ಲಿ ಹಾಯಿಯ ಕೆಳಮೂಲೆ ಎತ್ತುವ ಹಗ್ಗ ಕ್ಲೂಲೈನ್ ಬಿಚ್ಚು ಎಂದರೆ, ಕೆಳ ಅಂಚು ಎತ್ತುವ ಬಂಟ್‌ಲೈನ್ ಬಿಚ್ಚಿ ಬೈಸಿಕೊಂಡೆ. ಆ ಅವಮಾನವೇ ಈ ತಾರಸಿಯ ಬಂಡವಾಳ.

ಮೊದಲು ಹಗ್ಗ ಸುತ್ತಿ ಕಟ್ಟಲು ಕಬ್ಬಿಣದ ಸರಳಿನಲ್ಲಿ 36 ಪಿನ್, ಅಂದರೆ ಗೂಟ, ಮಾಡಿಸಿದೆ, ಎರಡೂವರೆ ಸಾವಿರ ಹೋಯಿತು. ಮೇ ತಿಂಗಳ ಮಧ್ಯಾಹ್ನ ಮುಟ್ಟಿದ ಹುಡುಗ ಕೈ ಒದರಿಕೊಂಡು ಕುಣಿದ. ಆಮೇಲೆ ಜಾಲಿಮರದವು, ಬಡಗಿಗೆ ಇನ್ನೊಂದು ನಾಲ್ಕು ಸಾವಿರ. ಅಗ್ಗದ ಪ್ಲಾಸ್ಟಿಕ್ ಹಗ್ಗ ಒಂದೇ ಬೇಸಿಗೆಗೆ ಪುಡಿಯಾಗಿ ಅಂಗೈಗೆ ಸಿಬಿರು ಚುಚ್ಚಿತು. ಆ ಲೆಕ್ಕವನ್ನು ಮನೆಯಲ್ಲಿ ಇನ್ನೂ ಒಪ್ಪಿಸಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಪಿನ್‌ಗಳಿಗೆ ಹೆಸರಿನ ಚೀಟಿ ಅಂಟಿಸಿದ್ದು. ಹುಡುಗರು ಹಗ್ಗ ಕಲಿಯಲಿಲ್ಲ, ಚೀಟಿ ಓದಿದರು. ಕಿತ್ತೆಸೆದು ಕಣ್ಣಿಗೆ ಟವೆಲ್ ಕಟ್ಟಿದೆ. ಕೆಳಗಿನ ಹಾಯಿಯ ಹಗ್ಗ ಮುಂದಿನ ಪಿನ್‌ಗೆ, ಮೇಲಿನದು ಹಿಂದಕ್ಕೆ. ಕಂಬದಿಂದ ಬೆರಳಲ್ಲೇ ಎಣಿಸುತ್ತ ಹೋಗಬೇಕು. ಮೂರು ವಾರಕ್ಕೆ ಹತ್ತರಲ್ಲಿ ಎಂಟು ಸಲ ಸರಿ ಬಂತು. ಬಿಚ್ಚುವ ಮುನ್ನ ಹಗ್ಗವೇ ತನ್ನ ಗುರುತು ಹೇಳುವಂತೆ ಮಾಡುವ ಒಂದು ಉಪಾಯವೂ ಇದೆ. ಅದು ನನ್ನ ಹುಡುಗರಿಗೆ ಮಾತ್ರ.

ಪಾಳಿಯನ್ನೂ ಬಿಡಲಿಲ್ಲ: ಮೂರು ತಂಡ, ನಾಲ್ಕು ನಾಲ್ಕು ಗಂಟೆ, ಸಂಜೆ 4ರಿಂದ 8ರವರೆಗಿನದನ್ನು ಎರಡಾಗಿ ಒಡೆದದ್ದು. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಿದ್ದು ಎರಡೇ ರಾತ್ರಿ. ಮೂರನೆಯ ಬೆಳಗ್ಗೆ ಪಕ್ಕದ ಮನೆಯ ಕಾಕಾ ಬಂದು ಗಂಟೆಯನ್ನೇ ಬಿಚ್ಚಿಕೊಂಡು ಹೋದರು.

ನಡುವೆ ಸೆಕ್ಸ್‌ಟಂಟ್ ಹುಚ್ಚು. ದಿಗಂತದಿಂದ ನಡುಹಗಲ ಸೂರ್ಯನ ಎತ್ತರ ಅಳೆದು ಅಕ್ಷಾಂಶ ಲೆಕ್ಕ ಹಾಕುವ ಉಪಕರಣ ಅದು. ಇಲ್ಲಿ ದಿಗಂತವೆಂದರೆ ಬರೀ ಮನೆ, ನೀರಿನ ಟ್ಯಾಂಕು. ತಾಟಿನಲ್ಲಿ ಶೇಂಗಾ ಎಣ್ಣೆ ಹೊಯ್ದು, ಅದರೊಳಗಿನ ಸೂರ್ಯನಿಗೆ ಮೇಲಿನ ಸೂರ್ಯನನ್ನು ಇಳಿಸಿ ಕೂಡಿಸಿದೆ. ಬಂದ ಕೋನದಲ್ಲಿ ಅರ್ಧ ಹಿಡಿದರಾಯಿತು. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇ ಬರುವುದರಿಂದ ಇಮ್ಮಡಿ ಕೋನ ಉಪಕರಣಕ್ಕೆ ನಿಲುಕುವುದಿಲ್ಲ. ಡಿಸೆಂಬರಿನಲ್ಲಿ ಸಿಕ್ಕಿತು. ನಮ್ಮ ಊರಿನ ಅಕ್ಷಾಂಶ ಸುಮಾರು 17 ಡಿಗ್ರಿ 20 ನಿಮಿಷ, ನನಗೆ ಬಂದದ್ದು 17 ಡಿಗ್ರಿ 40ರ ಆಸುಪಾಸು. ಅಂದರೆ ಹಡಗು ಊರ ವಾಯವ್ಯಕ್ಕಿರುವ ಆಳಂದದ ಕಡೆ ತೇಲುತ್ತಿತ್ತು.

ಹೋದ ವರ್ಷ ಒಬ್ಬ ಹುಡುಗ ಬಂದರು ಮುಟ್ಟಿದ ಕೂಡಲೇ ಫೋನ್ ಮಾಡಿದ. ಎರಡನೆಯ ರಾತ್ರಿ, ಮಳೆ, ಕತ್ತಲೆ. ಕೇಳಿದ ಹಗ್ಗಕ್ಕೆ ಇವನ ಕೈ ಮೊದಲು ಹೋಗಿತ್ತಂತೆ.

"ಮತ್ತೆ ವಾಂತಿ?"

"ಅದಕ್ಕೆ ತಾರಸಿಯಲ್ಲಿ ಪಾಠ ಇರಲಿಲ್ಲವಲ್ಲ ಸರ್. ನೀವು ಕಟ್ಟಿಕೊಟ್ಟ ಖಡಕ್ ರೊಟ್ಟಿ ಮಾತ್ರ ಹೊಟ್ಟೆಯಲ್ಲಿ ನಿಂತಿತು. ಅದೂ ಮೂರನೆಯ ದಿನಕ್ಕೆ."